ಬಾತ್‌ನಲ್ಲಿ ಒಂದು ದಿನ: ಯಾವುದಕ್ಕೆ ಟಿಕೆಟ್, ಯಾವುದಕ್ಕೆ ಬರೀ ಕಾಲು

ಬ್ರಿಸ್ಟಲ್‌ನಲ್ಲಿ ಮನೆ ಮಾಡಿದವರು ಊರಿನಿಂದ ನೆಂಟರು ಬಂದಾಗ ಒಂದು ದಿನವನ್ನು ಬಾತ್‌ಗೆ ಎತ್ತಿಡಲೇಬೇಕು. ರೈಲು ಹತ್ತಿ, ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳ ಜಗಳ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬಂದರೂ ಒಂದೂವರೆ ಗಂಟೆಯ ದಾರಿ. ಹೀಗೆ ಹತ್ತಾರು ಸಲ ಹೋಗಿ ಬಂದು, ಆ ಊರನ್ನು ಈಗ ನಾನು ನೋಡಿದ್ದಕ್ಕಿಂತ ತೋರಿಸಿದ್ದೇ ಹೆಚ್ಚು. ಮೊದಲ ಸಲ ಹೆಸರು ಕೇಳಿದಾಗ ನಮ್ಮ ಮಾವ, ‘ಬಿಸಿಬೇಳೆಯೋ, ವಾಂಗಿಯೋ?’ ಎಂದಿದ್ದರು. ಬಿಸಿ ಎನ್ನುವುದಂತೂ ನಿಜ.

ಬಂದವರೆಲ್ಲ ಬೆಳಗಿನ ಕಾಫಿಯ ಹೊತ್ತಿಗೆ ಕೇಳುವುದು ಒಂದೇ ಮಾತು: ಇಷ್ಟೊಂದು ಜಾಗಗಳಿವೆಯಲ್ಲ, ದುಡ್ಡು ಕೊಟ್ಟು ಒಳಗೆ ಹೋಗಬೇಕಾದದ್ದು ಯಾವುದು? ಹತ್ತು ಪೌಂಡ್ ಎಂದರೆ ಎಷ್ಟು ರೂಪಾಯಿ ಎಂದು ಮನಸ್ಸಿನಲ್ಲೇ ಗುಣಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನನ್ನ ಲೆಕ್ಕ ಹೀಗಿದೆ: ದಿನಕ್ಕೆ ಒಂದೇ ದೊಡ್ಡ ಟಿಕೆಟ್, ಬೇಕಿದ್ದರೆ ಒಂದು ಚಿಕ್ಕದು. ಮಿಕ್ಕಿದ್ದನ್ನು ಬೀದಿಯಲ್ಲೇ ನೋಡಬೇಕು. ಜಿಪುಣತನದಿಂದ ಹೇಳುತ್ತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ಊರನ್ನು ಕಟ್ಟಿದವರೇ ಬೀದಿಯಲ್ಲಿ ನಿಂತು ನೋಡುವವರಿಗಾಗಿ ಕಟ್ಟಿದರು. ಯುನೆಸ್ಕೋ 1987ರಲ್ಲಿ ಯಾವುದೋ ಒಂದು ಕಟ್ಟಡವನ್ನಲ್ಲ, ಇಡೀ ಊರನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರಲ್ಲಿ ಯುರೋಪಿನ ಹನ್ನೊಂದು ಬಿಸಿನೀರಿನ ಊರುಗಳ ಸಾಲಿನಲ್ಲಿ ಮತ್ತೊಮ್ಮೆ ಸೇರಿಸಿತು.

ನೋಡುವ ನೀರೋ, ಮುಳುಗುವ ನೀರೋ

ಎಲ್ಲಕ್ಕೂ ಮೂಲ ನೆಲದಿಂದ ಉಕ್ಕುವ ಬಿಸಿನೀರು. ಊರಿನ ನಡುವಿನ ಒಂದೇ ಬುಗ್ಗೆಯಲ್ಲಿ ದಿನಕ್ಕೆ ಸುಮಾರು 11,70,000 ಲೀಟರ್ ನೀರು, 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೇಲೆ ಬರುತ್ತದೆ. ಸಾವಿರಾರು ವರ್ಷಗಳ ಹಿಂದೆ ಮೆಂಡಿಪ್ ಗುಡ್ಡಗಳ ಮೇಲೆ ಸುರಿದ ಮಳೆ ಸುಣ್ಣಕಲ್ಲಿನೊಳಗೆ ಇಳಿದು, ಆಳದಲ್ಲಿ ಕಾದು, ಬಿರುಕು ಸಿಕ್ಕಲ್ಲಿ ತಲೆಯೆತ್ತಿದ್ದು ಅದು. ಪುತ್ತೂರಿನ ಬಳಿಯ ಇರ್ದೆಯ ಬೆಂದ್ರ್ ತೀರ್ಥವನ್ನು ಕಂಡವರಿಗೆ ಬಿಸಿನೀರಿನ ಬುಗ್ಗೆ ಹೊಸದಲ್ಲ. ಆದರೆ ಆ ನೀರಿನ ಸುತ್ತ ಎರಡು ಸಾವಿರ ವರ್ಷಗಳಿಂದ ಒಂದು ಊರೇ ಬದುಕಿಕೊಂಡು ಬಂದದ್ದನ್ನು ಇಲ್ಲಿ ನೋಡಬೇಕು.

ಈ ನೀರಿಗೆ ಇವತ್ತು ಎರಡು ಬಾಗಿಲುಗಳಿವೆ. ರೋಮನ್ ಸ್ನಾನಗೃಹದಲ್ಲಿ ನೀರನ್ನು ನೋಡಬಹುದು, ಮುಟ್ಟುವಂತಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆಯ ಥರ್ಮೇ ಬಾತ್ ಸ್ಪಾದಲ್ಲಿ ಕುತ್ತಿಗೆಯವರೆಗೆ ಮುಳುಗಬಹುದು, ಆದರೆ ಹಳೆಯದೆನ್ನುವುದು ಕಣ್ಣಿಗೆ ಬೀಳುವುದು ಕಡಿಮೆ. ಬಂದವರು ಮೊದಲು ಎಡವುವುದು ಇಲ್ಲಿಯೇ. ರೋಮನ್ ಸ್ನಾನಗೃಹಕ್ಕೆ ಟವೆಲ್ ಹಿಡಿದು ಬಂದವರನ್ನು ನಾನೇ ಕಂಡಿದ್ದೇನೆ. ಅಲ್ಲಿ ಸ್ನಾನ ನಿಂತು ದಶಕಗಳೇ ಆದವು. 1978ರಲ್ಲಿ ಈ ಬುಗ್ಗೆಯ ನೀರಿನಲ್ಲಿದ್ದ ಅಮೀಬಾ ಮಿದುಳಿಗೆ ಸೋಂಕು ತಂದು ಬಾಲಕಿಯೊಬ್ಬಳು ತೀರಿಕೊಂಡ ಮೇಲೆ ನೀರಿಗಿಳಿಯುವುದನ್ನು ನಿಲ್ಲಿಸಿದರು. ಸ್ಪಾಕ್ಕೆ ಈಗ ಕೊಳವೆಬಾವಿಗಳ ಮೂಲಕ ಆಳದಿಂದ ನೀರೆತ್ತಿ, ಶುದ್ಧಗೊಳಿಸಿ ಬಿಡುತ್ತಾರೆ.

ಎರಡರಲ್ಲಿ ಒಂದೇ ಎಂದರೆ ನನ್ನ ಮತ ರೋಮನ್ ಸ್ನಾನಗೃಹಕ್ಕೆ. ಒಂದು ಎಚ್ಚರಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೆ ಹೋದ ಕೂಡಲೇ ಮೇಲಿನ ಜಗಲಿಯಿಂದ ಹಸಿರು ನೀರಿನ ದೊಡ್ಡ ಕೊಳ ಕಾಣುತ್ತದೆ, ಸುತ್ತ ರೋಮನ್ ಚಕ್ರವರ್ತಿಗಳ ಕಲ್ಲಿನ ಪ್ರತಿಮೆಗಳಿವೆ. ಎಲ್ಲರೂ ಅಲ್ಲೇ ನಿಂತು ಫೋಟೋ ತೆಗೆದು, ರೋಮನ್ನರನ್ನು ಕಂಡಾಯಿತು ಎಂದುಕೊಳ್ಳುತ್ತಾರೆ. ಆ ಜಗಲಿ, ಆ ಪ್ರತಿಮೆಗಳು ಎಲ್ಲವೂ 1897ರಲ್ಲಿ ತೆರೆದವು, ಅಂದರೆ ವಿಕ್ಟೋರಿಯಾ ರಾಣಿಯ ಕಾಲದವು. ನಿಜವಾದ ರೋಮನ್ ಕೆಲಸ ಕೆಳಗಿದೆ: ಕಂಬಗಳ ಬುಡ, ಮೆಟ್ಟಿಲುಗಳು, ಕೊಳದ ತಳಕ್ಕೆ ಹಾಸಿದ 45 ಸೀಸದ ತಗಡುಗಳು. ನೀರಿನ ಹಸಿರು ಕೂಡ ರೋಮನ್ನರು ಕಂಡದ್ದಲ್ಲ. ಆಗ ಮೇಲೆ ಕಮಾನಿನ ಛಾವಣಿ ಇತ್ತು. ಈಗ ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ, ಅಷ್ಟೇ.

ಆದ್ದರಿಂದ ಜಗಲಿಯಲ್ಲಿ ಐದು ನಿಮಿಷ ಸಾಕು, ಒಳಗಿನ ಕತ್ತಲ ಕೋಣೆಗಳಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬುಗ್ಗೆಯ ನೀರು ಹೊರಗೆ ಹರಿಯುವಲ್ಲಿ ಕಲ್ಲು ಕಬ್ಬಿಣದ ಅಂಶದಿಂದ ಇಟ್ಟಿಗೆಗೆಂಪಾಗಿದೆ. ಹತ್ತಿರ ನಿಂತರೆ ಕನ್ನಡಕದ ಮೇಲೆ ಹಬೆ ಕೂರುತ್ತದೆ. ಇಲ್ಲಿ ಸ್ಥಳೀಯರ ಸುಲಿಸ್ ಎಂಬ ದೇವಿ ಇದ್ದಳು. ರೋಮನ್ನರು ಬಂದು ಅವಳನ್ನು ಒಕ್ಕಲೆಬ್ಬಿಸುವ ಗೋಜಿಗೆ ಹೋಗದೆ, ತಮ್ಮ ಮಿನರ್ವಾಳ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಎಂದು ಪೂಜಿಸಿದರು. ಗ್ರಾಮದೇವತೆಯ ಗುಡಿ ದೊಡ್ಡ ದೇವಸ್ಥಾನವಾದ ಕಥೆಯನ್ನು ಬೇಕಾದಷ್ಟು ಕಡೆ ಕೇಳಿದ ನಮ್ಮ ಅತ್ತೆಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಚಿನ್ನದ ಲೇಪದ ಕಂಚಿನ ಆ ದೇವಿಯ ತಲೆ 1727ರಲ್ಲಿ ಚರಂಡಿ ಅಗೆಯುವವರ ಕೈಗೆ ಸಿಕ್ಕಿತು. ಮೈ ಇನ್ನೂ ಸಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನಿಲ್ಲಿಸಿದ್ದು ಶಾಪದ ತಗಡುಗಳು. ಸಣ್ಣ ಸೀಸದ ತುಣುಕುಗಳು, ಒಟ್ಟು 130ರಷ್ಟು ಸಿಕ್ಕಿವೆ. ಸ್ನಾನಕ್ಕೆ ಹೋದಾಗ ಬಟ್ಟೆಯನ್ನೋ ಹಣವನ್ನೋ ಕಳೆದುಕೊಂಡವರು ದೇವಿಗೆ ದೂರು ಬರೆದು, ಮಡಿಚಿ, ಬುಗ್ಗೆಗೆ ಎಸೆಯುತ್ತಿದ್ದರು. ಡೊಸಿಮೆಡಿಸ್ ಎಂಬುವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಅವನು ಬರೆದಿದ್ದಾನೆ. ಜೋಡಿ ಕೈಗವಸಿಗೆ ಜೋಡಿ ಕಣ್ಣು! ಕಳೆದ ವಸ್ತುವಿಗಾಗಿ ಹರಕೆ ಹೊತ್ತು, ಆಣೆ ಇಟ್ಟು ಬೆಳೆದ ನಮಗೆ ಆ ಸಿಟ್ಟು ಎರಡು ಸಾವಿರ ವರ್ಷ ಹಳೆಯದೆಂದು ಅನ್ನಿಸುವುದೇ ಇಲ್ಲ.

ಕೊನೆಯಲ್ಲಿ ಆ ನೀರಿನ ರುಚಿ ನೋಡಲು ಒಂದು ನಲ್ಲಿ ಇದೆ. ಅದು ಶುದ್ಧ ಮಾಡಿದ ನೀರು, ಧೈರ್ಯವಾಗಿ ಕುಡಿಯಬಹುದು. ರಾತ್ರಿಯೆಲ್ಲ ಹಂಡೆಯಲ್ಲಿ ಉಳಿದ ಉಗುರುಬೆಚ್ಚಗಿನ ನೀರಿನ ರುಚಿ, ಜೊತೆಗೆ ಚೂರು ಉಪ್ಪು. ಇದರಲ್ಲಿ 43 ಖನಿಜಗಳಿವೆಯಂತೆ. ನನಗೆ ಅರ್ಧ ಲೋಟ ಸಾಕಾಯಿತು.

ಟಿಕೆಟ್ ದೊಡ್ಡವರಿಗೆ 20 ಪೌಂಡ್ ಮೀರುತ್ತದೆ. ವಾರದ ದಿನಕ್ಕಿಂತ ಶನಿವಾರ, ಭಾನುವಾರ ದುಬಾರಿ. ಮೊದಲೇ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದು ಜಾಣತನ. ಕಿವಿಗೆ ಹಿಡಿದು ಕೇಳುವ ವಿವರಣೆಯ ಯಂತ್ರ ಟಿಕೆಟ್‌ನಲ್ಲೇ ಸೇರಿದೆ, ಅದನ್ನು ಬಿಡಬೇಡಿ. ಲಿಫ್ಟ್ ಇರುವುದರಿಂದ ಮಂಡಿನೋವಿನವರಿಗೂ ತೊಂದರೆಯಿಲ್ಲ. ಬೇಸಿಗೆಯಲ್ಲಿ ಕೆಲವು ವಾರ ಪಂಜು ಹಚ್ಚಿ ರಾತ್ರಿಯೂ ತೆರೆದಿರುತ್ತಾರೆ. ಹಗಲಿನ ಗದ್ದಲಕ್ಕಿಂತ ಅದು ಎಷ್ಟೋ ಮೇಲು.

ಹಾಗಾದರೆ ಸ್ಪಾ ಯಾರಿಗೆ? ಗಂಡ ಹೆಂಡತಿ ಇಬ್ಬರೇ ಬಂದಿದ್ದರೆ, ಊರಿನಲ್ಲಿ ಒಂದು ರಾತ್ರಿ ಉಳಿಯುವಂತಿದ್ದರೆ, ರೋಮನ್ ಅವಶೇಷಗಳನ್ನು ಬೇರೆಡೆ ನೋಡಿ ಸಾಕಾಗಿದ್ದರೆ ಖಂಡಿತ ಸ್ಪಾ. ನಿಕೊಲಸ್ ಗ್ರಿಮ್‌ಶಾ ವಿನ್ಯಾಸದ ಕಟ್ಟಡ, 2006ರಲ್ಲಿ ತೆರೆಯಿತು. ಮಹಡಿಯ ಮೇಲಿನ ಬಯಲು ಕೊಳವೇ ಅದರ ಜೀವ. ಚಳಿಗಾಲದ ಸಂಜೆ ಐದಕ್ಕೆ ಕತ್ತಲಾಗುವಾಗ, ಮೈ 33 ಡಿಗ್ರಿ ನೀರಿನಲ್ಲಿ, ತಲೆ ಮಾತ್ರ ಕೊರೆಯುವ ಗಾಳಿಯಲ್ಲಿ, ಎದುರಿಗೆ ಚರ್ಚಿನ ಗೋಪುರದ ದೀಪ. ಎರಡು ಗಂಟೆಗೆ 40 ಪೌಂಡ್ ದಾಟುತ್ತದೆ. ಈಜುಡುಗೆ ಕಡ್ಡಾಯ, ಗಂಡಸರು ಹೆಂಗಸರು ಎಲ್ಲರಿಗೂ ಒಂದೇ ಕೊಳ. ಇದನ್ನು ಹಿರಿಯರಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗುವುದು ಒಳ್ಳೆಯದು. ಹದಿನಾರು ತುಂಬದವರಿಗೆ ಪ್ರವೇಶವಿಲ್ಲ. ನಾನು ಇದನ್ನು ಓದಿಕೊಳ್ಳದೆ ಅಕ್ಕನ ಹದಿನಾಲ್ಕರ ಮಗನನ್ನು ಕರೆದುಕೊಂಡು ಹೊರಟು, ಅರ್ಧ ದಾರಿಯಲ್ಲಿ ಮೊಬೈಲ್‌ನಲ್ಲಿ ನಿಯಮ ಕಣ್ಣಿಗೆ ಬಿದ್ದು, ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಬೇಕಾಯಿತು.

ಸರ್ಕಸ್ ಮತ್ತು ಕ್ರೆಸೆಂಟ್

ಹಳೆಯ ಮನೆಗಳ ಈ ಎರಡು ಸಾಲುಗಳಿಗೂ ಟಿಕೆಟ್ ಇಲ್ಲ, ಮೂರು ನಿಮಿಷದ ನಡಿಗೆಯ ಅಂತರ. ಹಾಗಿದ್ದೂ ಹೋಲಿಸುವುದು ಏಕೆಂದರೆ, ಬಸ್ಸಿನಲ್ಲಿ ಊರಿಗೆ ಬಂದ ಗುಂಪುಗಳು ನೇರ ಕ್ರೆಸೆಂಟ್ ಮುಂದೆ ಹೋಗಿ, ಹುಲ್ಲಿನ ಮೇಲೆ ಫೋಟೋ ಹಿಡಿದು, ಸರ್ಕಸ್ ನೋಡದೆಯೇ ಹೊರಟುಬಿಡುತ್ತವೆ. ನನ್ನನ್ನು ಕೇಳಿದರೆ ಎರಡರಲ್ಲಿ ಸರ್ಕಸ್ಸೇ ಹೆಚ್ಚಿನದು.

ಸರ್ಕಸ್ ಎಂದರೆ ಆನೆ, ಜೋಕರ್ ಏನಿಲ್ಲ. ಲ್ಯಾಟಿನ್‌ನಲ್ಲಿ ವೃತ್ತ ಎಂದರ್ಥ. ಜಾನ್ ವುಡ್ ಎಂಬ ವಾಸ್ತುಶಿಲ್ಪಿ 1754ರಲ್ಲಿ ಇದಕ್ಕೆ ಕೈಹಾಕಿ ಅದೇ ವರ್ಷ ತೀರಿಕೊಂಡ. ಅದೇ ಹೆಸರಿನ ಮಗ 1768ರ ಹೊತ್ತಿಗೆ ಮುಗಿಸಿದ. ಮೂರು ಬೀದಿಗಳು ಬಂದು ಸೇರುವ ವೃತ್ತ, ಮೂರು ತುಂಡಾಗಿ 33 ಮನೆಗಳು. ಯಾವ ಬೀದಿಯಿಂದ ಒಳಗೆ ಬಂದರೂ ಎದುರಿಗೆ ಮನೆಗಳ ಬಾಗಿದ ಸಾಲೇ ಕಾಣಬೇಕು, ಹಾಗೆ ಜೋಡಿಸಿದ್ದಾರೆ. ತಲೆಯೆತ್ತಿ ಮೊದಲ ಸಾಲಿನ ಕಂಬಗಳ ಮೇಲಿನ ಪಟ್ಟಿಯನ್ನು ನೋಡಿ: ಹಾವು, ಪುಸ್ತಕ, ವಾದ್ಯ, ಹಡಗಿನ ಸಾಮಾನು ಹೀಗೆ 500ಕ್ಕೂ ಹೆಚ್ಚು ಸಣ್ಣ ಕೆತ್ತನೆಗಳಿವೆ. ಇನ್ನೂ ಮೇಲೆ ಸೂರಿನಂಚಿಗೆ ಕಲ್ಲಿನ ಓಕ್ ಕಾಯಿಗಳು. ಅವಕ್ಕೊಂದು ಕಥೆ ಇದೆ. ಕುಷ್ಠ ಬಂದು ಹಂದಿ ಕಾಯುತ್ತಿದ್ದ ಬ್ಲಾಡುಡ್ ಎಂಬ ರಾಜಕುಮಾರ, ಬಿಸಿ ಕೆಸರಿನಲ್ಲಿ ಹೊರಳಿದ ಹಂದಿಗಳ ಚರ್ಮರೋಗ ವಾಸಿಯಾದದ್ದು ಕಂಡು ತಾನೂ ಹೊರಳಿ ಗುಣವಾದನಂತೆ, ಊರು ಕಟ್ಟಿದನಂತೆ. ಓಕ್ ಕಾಯಿ ಆ ಹಂದಿಗಳ ಮೇವು. ಹಂದಿಯ ಮೇವನ್ನು ಶ್ರೀಮಂತರ ಮನೆಯ ತಲೆಯ ಮೇಲೆ ಕೂರಿಸಿದ ವುಡ್ ನನಗೆ ಇಷ್ಟವಾಗುತ್ತಾನೆ.

ಇಲ್ಲಿನ 17ನೇ ಮನೆಯಲ್ಲಿ ಚಿತ್ರಕಾರ ಗೇನ್ಸ್‌ಬರೊ ಇದ್ದ. 14ನೇ ಮನೆಯ ಗೋಡೆಯಲ್ಲಿ ಕ್ಲೈವ್‌ನ ಹೆಸರಿದೆ. ಹೌದು, ಪ್ಲಾಸಿಯ ಅದೇ ಕ್ಲೈವ್. ಅಂಥ ಮನೆಗೆ ಹಣ ಎಲ್ಲಿಂದ ಬಂತೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಪ್ಪ ಆ ಬಾಗಿಲ ಮುಂದೆ ಎರಡು ನಿಮಿಷ ಸುಮ್ಮನೆ ನಿಂತು, ‘ನಡಿ’ ಎಂದರು.

ಅಲ್ಲಿಂದ ಬ್ರಾಕ್ ಸ್ಟ್ರೀಟ್ ಎಂಬ ಸಾಧಾರಣ ಬೀದಿ ಹಿಡಿಯಬೇಕು. ಕೊನೆಯ ಮನೆ ದಾಟುವವರೆಗೂ ಏನೂ ಕಾಣುವುದಿಲ್ಲ, ದಾಟಿದ ಕೂಡಲೇ ರಾಯಲ್ ಕ್ರೆಸೆಂಟ್ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಕಿರಿಯ ಜಾನ್ ವುಡ್ 1767ರಿಂದ 1775ರ ನಡುವೆ ಕಟ್ಟಿಸಿದ 30 ಮನೆಗಳ ಅರ್ಧಚಂದ್ರ, 114 ಕಂಬಗಳು, ಎದುರಿಗೆ ಇಳಿಜಾರಿನ ಹುಲ್ಲು. ಈ ದಾರಿಯಲ್ಲಿ ಬಂದರೆ ಮಾತ್ರ ಆ ಅಚ್ಚರಿ. ಕೆಳಗಿನ ಉದ್ಯಾನದ ಕಡೆಯಿಂದ ಹತ್ತಿ ಬಂದರೆ ಮೊದಲೇ ಕಂಡುಬಿಟ್ಟು ಸಪ್ಪೆಯಾಗುತ್ತದೆ.

ಮುಂಭಾಗ ನೋಡಿದ ಮೇಲೆ ಹಿಂದೆಯೂ ಒಮ್ಮೆ ಹೋಗಿ. ಆಗಿನ ಪದ್ಧತಿಯಲ್ಲಿ ವಾಸ್ತುಶಿಲ್ಪಿ ಗೊತ್ತುಮಾಡುತ್ತಿದ್ದುದು ಮುಖವನ್ನು ಮಾತ್ರ. ಅದರ ಹಿಂದೆ ಕೊಂಡವರು ತಮಗೆ ಬೇಕಾದಂತೆ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಮುಂದೆ ಒಂದೇ ಗೆರೆ ಹೊಡೆದಂತಿರುವ ಸಾಲು, ಹಿಂದೆ ಒಂದೊಂದು ಮನೆಗೂ ಒಂದೊಂದು ಎತ್ತರ, ಒಂದೊಂದು ಕಿಟಕಿ, ಅಲ್ಲಲ್ಲಿ ಕೊಳವೆ. ಮದುವೆಮನೆಯ ಮುಂದೆ ಚಪ್ಪರ, ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗ, ಥೇಟ್ ಹಾಗೆ. ಈ ಊರು ನನಗೆ ಅರ್ಥವಾದದ್ದು ಆ ಹಿತ್ತಲಲ್ಲಿ.

ಕ್ರೆಸೆಂಟ್‌ನಲ್ಲಿ ನಮ್ಮ ಚಿಕ್ಕಪ್ಪನಿಗೆ ಸಿಕ್ಕ ಸಂಭ್ರಮವೇ ಬೇರೆ. ಅವರು ಶಿವಮೊಗ್ಗದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಸ್ಟೆನೋ ಆಗಿದ್ದವರು. 17ನೇ ಮನೆಯ ಫಲಕದಲ್ಲಿ ಐಸಾಕ್ ಪಿಟ್‌ಮನ್ ಎಂಬ ಹೆಸರು ಓದಿ ಅಲ್ಲೇ ನಿಂತುಬಿಟ್ಟರು. 1837ರಲ್ಲಿ ತನ್ನ ಶೀಘ್ರಲಿಪಿಯನ್ನು ಪ್ರಕಟಿಸಿದ ಪಿಟ್‌ಮನ್ ಬಾತ್‌ನಲ್ಲೇ ನೆಲೆಸಿ, 1897ರಲ್ಲಿ ಇಲ್ಲಿಯೇ ತೀರಿಕೊಂಡ. ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ಸಂಜೆ ಇನ್‌ಸ್ಟಿಟ್ಯೂಟ್‌ಗೆ ಅಲೆದ ನಮ್ಮ ಹಿರಿಯರ ಒಂದು ಇಡೀ ತಲೆಮಾರಿಗೆ ಅನ್ನ ಕೊಟ್ಟ ಹೆಸರು ಅದು. ಚಿಕ್ಕಪ್ಪ ಬಲಗೈ ತೋರುಬೆರಳನ್ನು ಎಡ ಅಂಗೈ ಮೇಲೆ ಎಳೆದು ತೋರಿಸಿದರು: ‘ತೆಳು ಗೆರೆ ಪ, ಅದನ್ನೇ ಒತ್ತಿ ಎಳೆದರೆ ಬ.’ ಆ ದಿನ ಅವರು ಬೇರೆ ಏನು ನೋಡಿದರೋ ನೆನಪಿಲ್ಲ. ಆ ಫಲಕದ ಫೋಟೋ ಮಾತ್ರ ಹಳೆಯ ಸಹೋದ್ಯೋಗಿಗಳಿಗೆಲ್ಲ ಹೋಯಿತು.

ಮೂರು ಮನೆಗಳಲ್ಲಿ ಒಂದು

ಚಿಕ್ಕ ಟಿಕೆಟ್ ಒಂದು ಇರಲಿ ಎಂದೆನಲ್ಲ, ಅದಕ್ಕೆ ಮೂರು ಉಮೇದುವಾರರಿದ್ದಾರೆ.

ಹೆಚ್ಚು ಜನ ಹೋಗುವುದು ಗೇ ಸ್ಟ್ರೀಟ್‌ನ ಜೇನ್ ಆಸ್ಟಿನ್ ಸೆಂಟರ್‌ಗೆ. ಆಸ್ಟಿನ್ 1801ರಿಂದ 1806ರವರೆಗೆ ಈ ಊರಿನಲ್ಲಿದ್ದಳು, ಎರಡು ಕಾದಂಬರಿಗಳಿಗೆ ಈ ಊರನ್ನು ನೆಲೆಯಾಗಿಸಿದಳು. ಸೆಂಟರ್ ಇರುವುದು ಅದೇ ಬೀದಿಯಲ್ಲಿ, ಆದರೆ ಅವಳು ಇದ್ದ ಮನೆಯಲ್ಲಲ್ಲ. ಹಳೆಯ ಕಾಲದ ಉಡುಪು ತೊಟ್ಟವರು ಕಥೆ ಹೇಳುತ್ತಾರೆ, ನಿಮಗೂ ಟೋಪಿ ಬೀಸಣಿಗೆ ಕೊಟ್ಟು ಫೋಟೋ ತೆಗೆಸುತ್ತಾರೆ. ಅವಳ ಓದುಗರಾದರೆ ನಕ್ಕು ನಲಿಯಬಹುದು, ಓದದವರಿಗೆ ಮೂಲ ವಸ್ತುಗಳು ಕಡಿಮೆ ಎನ್ನಿಸುತ್ತದೆ. ಇಂಗ್ಲಿಷ್ ಎಂ.ಎ. ಮಾಡಿದ ಗೆಳತಿ ಅಲ್ಲಿ ಎರಡು ಗಂಟೆ ಕಳೆದಳು. ಅವಳ ಗಂಡ ಎದುರಿನ ಫುಟ್‌ಪಾತ್‌ನಲ್ಲಿ ಕಾದ.

ಒಂದನೇ ನಂಬರಿನ ರಾಯಲ್ ಕ್ರೆಸೆಂಟ್ ಮನೆ ಈಗ ಮ್ಯೂಸಿಯಂ. 1770ರ ದಶಕದಿಂದ 90ರ ದಶಕದವರೆಗೆ ಅಲ್ಲಿ ಬಾಡಿಗೆಗಿದ್ದ ಕುಟುಂಬದ ಕಾಲಕ್ಕೆ ತಕ್ಕಂತೆ ಸಜ್ಜುಗೊಳಿಸಿದ್ದಾರೆ. ಮೇಲಿನ ಕೋಣೆಗಳ ಪರದೆ, ಪಿಂಗಾಣಿಗಳಿಗಿಂತ ಕೆಳಗಿನ ಅಡುಗೆಮನೆ ನೋಡಿ. ಒಲೆಯ ಬಳಿ ಗೋಡೆಯಲ್ಲಿ ಎತ್ತರಕ್ಕೆ ಮರದ ಚಕ್ರವಿದೆ. ಗಿಡ್ಡ ಕಾಲಿನ ನಾಯಿಯೊಂದು ಅದರೊಳಗೆ ಓಡಬೇಕು, ಅದರ ಓಟಕ್ಕೆ ಕೆಳಗೆ ಬೆಂಕಿಯ ಮುಂದಿನ ಮಾಂಸದ ಸಲಾಕೆ ತಿರುಗಬೇಕು. ಮಕ್ಕಳು ಇಡೀ ಬಾತ್‌ನಲ್ಲಿ ನೆನಪಿಟ್ಟುಕೊಂಡದ್ದು ಆ ನಾಯಿಯನ್ನೇ. ಆ ಕಡೆ ಸುಳಿದರೆ ಕಾಣುವ ಯುವಜನರ ಗುಂಪು ನೆಟ್‌ಫ್ಲಿಕ್ಸ್ ಧಾರಾವಾಹಿಯೊಂದರಲ್ಲಿ ಈ ಮನೆಯ ಮುಖ ನೋಡಿ ಬಂದವರು.

ಮೂರನೆಯದು ನನ್ನ ಅಚ್ಚುಮೆಚ್ಚಿನದು, ನ್ಯೂ ಕಿಂಗ್ ಸ್ಟ್ರೀಟ್‌ನ 19ನೇ ಮನೆ. ಹೊರಗಿನಿಂದ ಏನೂ ವಿಶೇಷವಿಲ್ಲ. ಜರ್ಮನಿಯ ಹ್ಯಾನೋವರ್‌ನಿಂದ ಬಂದು ಇಲ್ಲಿ ಆರ್ಗನ್ ನುಡಿಸಿ ಬದುಕುತ್ತಿದ್ದ ವಿಲಿಯಂ ಹರ್ಷೆಲ್, 1781ರ ಮಾರ್ಚ್ 13ರ ರಾತ್ರಿ ಈ ಮನೆಯ ಹಿತ್ತಲಲ್ಲಿ ತಾನೇ ಮಾಡಿದ ದೂರದರ್ಶಕವಿಟ್ಟು ಯುರೇನಸ್ ಗ್ರಹವನ್ನು ಕಂಡ. ನಮ್ಮ ಕೆಲವು ಜ್ಯೋತಿಷ ಪುಸ್ತಕಗಳಲ್ಲಿ ‘ಹರ್ಷಲ್’ ಎಂದು ಬರುವ ಗ್ರಹ ಇದೇ, ಕಂಡವನ ಹೆಸರೇ ಗ್ರಹಕ್ಕೆ ಅಂಟಿದೆ. ಮಾವ ಮನೆಯಿಂದ ಹೊರಡುವ ಮುನ್ನ ರಾಹುಕಾಲ ನೋಡುವವರು. ಆ ಪುಟ್ಟ ಹಿತ್ತಲಲ್ಲಿ ನಿಂತು, ‘ಇಷ್ಟು ಜಾಗದಿಂದ ಅಷ್ಟು ದೂರವೇ?’ ಎಂದರು. ಹಿತ್ತಲಿಗೆ ಹೊಂದಿದ ಕಾರ್ಯಾಗಾರದ ನೆಲದಲ್ಲಿ ಸೀಳಿದ ಕಲ್ಲುಚಪ್ಪಡಿಗಳಿವೆ. ದೊಡ್ಡ ಕನ್ನಡಿಗೆಂದು ಲೋಹ ಎರಕ ಹೊಯ್ಯುವಾಗ ಅಚ್ಚು ಒಡೆದು, ಕಾದ ಲೋಹ ನೆಲದ ಮೇಲೆ ಹರಿದು, ಕಲ್ಲು ಸಿಡಿದು, ಎಲ್ಲರೂ ಬಾಗಿಲತ್ತ ಓಡಿದ ಗುರುತು ಅದು. ತಂಗಿ ಕ್ಯಾರೊಲಿನ್ ಅಣ್ಣನಿಗೆ ಲೆಕ್ಕ ಬರೆದುಕೊಟ್ಟು, ಮುಂದೆ ತಾನೇ ಎಂಟು ಧೂಮಕೇತುಗಳನ್ನು ಕಂಡವಳು. ಒಂದು ಗಂಟೆ ಸಾಕು, ನೂಕುನುಗ್ಗಲೂ ಇಲ್ಲ. ತೆರೆದಿರುವ ದಿನವನ್ನು ಮಾತ್ರ ನೋಡಿಕೊಂಡು ಹೋಗಿ.

ಎತ್ತರದಿಂದ

ಜೇನಿನ ಬಣ್ಣದ ಕಲ್ಲಿನ ಊರು ಬಟ್ಟಲಿನಂಥ ಕಣಿವೆಯಲ್ಲಿದೆ, ಮೇಲಿನಿಂದ ನೋಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಆ್ಯಬಿ ಚರ್ಚಿನ ಗೋಪುರಕ್ಕೆ 212 ಮೆಟ್ಟಿಲು, ಸುರುಳಿ, ಇಕ್ಕಟ್ಟು. ಜೊತೆಯಲ್ಲಿ ಬರುವವರು ದಾರಿಯಲ್ಲಿ ಗಂಟೆಗಳನ್ನೂ ಗಡಿಯಾರದ ಮುಖದ ಹಿಂಬದಿಯನ್ನೂ ತೋರಿಸುತ್ತಾರೆ. ಕಾಲು ಗಟ್ಟಿ ಇದ್ದವರಿಗೆ ಇದೇ ಸೈ. ದುಡ್ಡು ಬೇಡವೆಂದರೆ ನಿಲ್ದಾಣದ ಹಿಂದಿನ ಗುಡ್ಡದ ಅಲೆಕ್ಸಾಂಡ್ರಾ ಪಾರ್ಕ್. ಮೆಟ್ಟಿಲ ದಾರಿ ಏದುಸಿರು ತರಿಸುತ್ತದೆ, ಆದರೆ ಮೇಲಿನ ಬೆಂಚಿನಲ್ಲಿ ಕೂತರೆ ಆ್ಯಬಿ, ಸರ್ಕಸ್, ಕ್ರೆಸೆಂಟ್ ಎಲ್ಲ ಒಂದೇ ತಟ್ಟೆಯಲ್ಲಿ ಬಡಿಸಿದಂತೆ. ಚಪಾತಿ ಪಲ್ಯದ ಡಬ್ಬಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ.

ಪ್ರಯರ್ ಪಾರ್ಕ್ ಇನ್ನೊಂದು. ಕಲ್ಲುಗಣಿಗಳ ಒಡೆಯ ರಾಲ್ಫ್ ಆ್ಯಲನ್ ತನ್ನ ಕಲ್ಲು ಎಷ್ಟು ಚೆನ್ನಾಗಿದೆ ಎಂದು ಊರಿಗೆ ತೋರಿಸಲು ಗುಡ್ಡದ ಮೇಲೆ ಕಟ್ಟಿಸಿದ ಮನೆ, ಅದರ ಕೆಳಗಿನ ತೋಟ. ತೋಟದ ತಗ್ಗಿನಲ್ಲಿ ಕಂಬಗಳ ಮಂಟಪ ಹೊತ್ತ 1755ರ ಸೇತುವೆ. ಅಂಥವು ಜಗತ್ತಿನಲ್ಲಿ ನಾಲ್ಕೇ ಇವೆ. ಕಂಬಗಳಲ್ಲಿ ಹಳಬರು ತಮ್ಮ ಹೆಸರು ಕೆತ್ತಿಹೋಗಿದ್ದಾರೆ, ಈ ಚಟ ನಮ್ಮ ಕೋಟೆಗಳಿಗಷ್ಟೇ ಮೀಸಲಲ್ಲ. ತೋಟ ಹಳೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು, ಸದಸ್ಯರಿಗೆ ಉಚಿತ. ಕಾರು ನಿಲ್ಲಿಸುವ ಜಾಗವಿಲ್ಲ, ಬಸ್ಸೇ ಗತಿ. ಒಂದೇ ದಿನವಿದ್ದರೆ ಬಿಡಿ, ಎರಡನೆಯ ದಿನವಿದ್ದರೆ ಬಿಡಬೇಡಿ.

ಚೂರುಪಾರು

ರಾಬರ್ಟ್ ಆ್ಯಡಮ್‌ನ ಪುಲ್ಟನಿ ಸೇತುವೆ 1774ರದು, ಎರಡೂ ಬದಿಗೆ ಅಂಗಡಿಗಳಿವೆ. ಮೇಲೆ ನಡೆದರೆ ಸೇತುವೆ ಎಂದೇ ಗೊತ್ತಾಗುವುದಿಲ್ಲ. ಕೆಳಗೆ ನದಿಯ ದಂಡೆಗೆ ಇಳಿದು, ಕುದುರೆಲಾಳದಂಥ ಅಣೆಕಟ್ಟಿನ ಬಳಿ ನಿಂತು ನೋಡಬೇಕು. ಅಲ್ಲಿಯೇ ಪಕ್ಕದ ವಿಕ್ಟೋರಿಯಾ ಆರ್ಟ್ ಗ್ಯಾಲರಿಯ ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ, ಮಳೆ ಬಂದರೆ ನೆನಪಿರಲಿ. ಗೇನ್ಸ್‌ಬರೊ ಚಿತ್ರಗಳೇ ಬೇಕೆಂದರೆ ಹೋಲ್‌ಬರ್ನ್ ಮ್ಯೂಸಿಯಂ.

ಸ್ಯಾಲಿ ಲನ್ ಅಂಗಡಿಯ ಬನ್ನಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಂಗೈಗಿಂತ ದೊಡ್ಡದು, ಮೃದು, ಬೆಣ್ಣೆ ಸವರಿ ಕೊಟ್ಟರೆ ಚೆನ್ನ. ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ಮೊಟ್ಟೆ ತಿನ್ನದ ಹಿರಿಯರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ರೈಲಿನಲ್ಲಿ ಇಡೀ ದಾರಿ ಮೌನ.

ದುಡ್ಡಿಲ್ಲದೆ ಸಿಗುವ ಅತ್ಯುತ್ತಮ ಸಂಗತಿ ಎಂದರೆ ಮೇಯರ್ ಅವರ ಗೌರವ ಮಾರ್ಗದರ್ಶಿಗಳ ನಡಿಗೆ. ರೋಮನ್ ಸ್ನಾನಗೃಹಕ್ಕೆ ಅಂಟಿಕೊಂಡ ಪಂಪ್ ರೂಮ್ ಎಂಬ ಕಟ್ಟಡದ ಮುಂದಿನ ಅಂಗಳದಿಂದ ಬೆಳಗ್ಗೆ ಹತ್ತೂವರೆಗೆ ಹೊರಡುತ್ತದೆ, ಸುಮಾರು ಎರಡು ಗಂಟೆ. ಇವರು 1930ರ ದಶಕದಿಂದ ನಡೆದುಬಂದ ಸ್ವಯಂಸೇವಕರು, ಹೆಚ್ಚಿನವರು ಊರಿನ ನಿವೃತ್ತರು. ಕೊನೆಯಲ್ಲಿ ಅಪ್ಪ ಜೇಬಿಗೆ ಕೈಹಾಕಿದಾಗ ಆ ಅಜ್ಜ ಎರಡು ಹೆಜ್ಜೆ ಹಿಂದೆ ಸರಿದರು. ಬಕ್ಷೀಸು ಮುಟ್ಟುವುದಿಲ್ಲ.

ಯಾರ ಜೊತೆಗೆ ಯಾವುದು

ಮಂಡಿನೋವಿನ ತಂದೆ ತಾಯಿ ಬಂದಿದ್ದರೆ ರೋಮನ್ ಸ್ನಾನಗೃಹ, ಆ್ಯಬಿಯ ಒಳಗೆ ಅರ್ಧ ಗಂಟೆ, ಸೇತುವೆ. ಸರ್ಕಸ್‌ವರೆಗಿನ ಏರು ಚಿಕ್ಕದೆಂದು ನಂಬಬೇಡಿ, ಟ್ಯಾಕ್ಸಿ ಹಿಡಿದು ಮೇಲೆ ಹೋಗಿ ಕೆಳಗೆ ನಡೆದು ಬನ್ನಿ. ಹತ್ತರಿಂದ ಹದಿನೈದರ ಮಕ್ಕಳಾದರೆ ಸ್ನಾನಗೃಹ, ನಾಯಿಯ ಚಕ್ರ, ಕ್ರೆಸೆಂಟ್ ಮುಂದಿನ ಹುಲ್ಲು. ಇನ್ನೂ ಚಿಕ್ಕವರಾದರೆ ಹುಲ್ಲೇ ಸಾಕು, ಟಿಕೆಟ್ ದಂಡ. ಹಿಂದೆ ಒಮ್ಮೆ ಬಂದುಹೋದವರಿಗೆ ಹರ್ಷೆಲ್ ಮನೆ ಮತ್ತು ಪ್ರಯರ್ ಪಾರ್ಕ್. ಇಬ್ಬರೇ ಆದರೆ ನಡಿಗೆ ಮುಗಿಸಿ ಸಂಜೆ ಸ್ಪಾ.

ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದ ಕ್ರಿಸ್‌ಮಸ್ ಸಂತೆಯ ವಾರಾಂತ್ಯಗಳಲ್ಲಿ ಮಾತ್ರ ಹೋಗಬೇಡಿ, ಜಾತ್ರೆಯ ನೂಕಾಟ. ಹೋಗಲೇಬೇಕಾದರೆ ಮಂಗಳವಾರವೋ ಬುಧವಾರವೋ ಹೋಗಿ. ಚಳಿಗಾಲಕ್ಕೆ ಅಂತಲೇ ಆ್ಯಬಿಯ ಮಾತನ್ನು ಉಳಿಸಿಕೊಂಡಿದ್ದೇನೆ. 973ರಲ್ಲಿ ಎಡ್ಗರ್‌ಗೆ ಇಂಗ್ಲೆಂಡಿನ ರಾಜನಾಗಿ ಪಟ್ಟ ಕಟ್ಟಿದ್ದು ಈ ಜಾಗದ ಹಳೆಯ ಚರ್ಚಿನಲ್ಲಿ. ಈಗಿನದು 1499ರಲ್ಲಿ ಶುರುವಾದದ್ದು. ಪಶ್ಚಿಮದ ಮುಖದಲ್ಲಿ ಏಣಿ ಹತ್ತುವ ದೇವದೂತರ ಕೆತ್ತನೆ ಇದೆ. ಕಟ್ಟಿಸಿದ ಬಿಷಪ್ ಕಂಡ ಕನಸಂತೆ. ಇಳಿಯುವವರು ತಲೆ ಕೆಳಗಾಗಿ ಇಳಿಯುತ್ತಿದ್ದಾರೆ, ಹುಡುಕಿ ನೋಡಿ. ಒಳಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಕಲ್ಲಿನ ಛಾವಣಿ. ಪ್ರವಾಸಿಗರಿಗೆ ಟಿಕೆಟ್ ಇದೆ, ಸ್ನಾನಗೃಹಕ್ಕೆ ಹೋಲಿಸಿದರೆ ಬಹಳ ಕಡಿಮೆ.

ನೆಲದ ತುಂಬ ಹೆಸರು ಕೆತ್ತಿದ ಸಮಾಧಿಗಲ್ಲುಗಳು, 800ಕ್ಕೂ ಹೆಚ್ಚು ಇವೆ. ಕೆಲವು ವರ್ಷಗಳ ಹಿಂದೆ ಆ ನೆಲವನ್ನೆಲ್ಲ ಎಬ್ಬಿಸಿ ಸರಿಪಡಿಸುವಾಗ ಕೆಳಗೆ ಕೊಳವೆಗಳನ್ನು ಹಾಸಿದರು. ರೋಮನ್ನರ ಚರಂಡಿಯಲ್ಲಿ ಹರಿದು ನದಿ ಸೇರುತ್ತಿದ್ದ ಬುಗ್ಗೆಯ ನೀರಿನ ಶಾಖವನ್ನು ಹಿಡಿದು ಈಗ ಚರ್ಚಿನ ನೆಲ ಬೆಚ್ಚಗಾಗಿಸುತ್ತಾರೆ. ಡಿಸೆಂಬರಿನ ಒಂದು ಬುಧವಾರ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ದೇವರ ಜಾಗ ಎಂದು ಬೂಟು ಬಿಚ್ಚತೊಡಗಿದರು. ಇಲ್ಲಿ ಬಿಡಬೇಕಿಲ್ಲ ಅತ್ತೆ ಎಂದರೂ ಕೇಳಲಿಲ್ಲ. ಯಾರದೋ ಹೆಸರಿನ ಮೇಲೆ ಕಾಲಿಡುವುದು ಹೇಗೆಂದು ಕಲ್ಲುಗಳ ಸಂದಿಯಲ್ಲೇ ಹೆಜ್ಜೆ ಹುಡುಕುತ್ತ ನಾಲ್ಕಡಿ ಹೋದವರು ನಿಂತರು. ಕಾಲುಚೀಲದ ಪಾದವನ್ನು ಒಂದು ಕಲ್ಲಿನ ಮೇಲೆ ಪೂರ್ತಿ ಊರಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ‘ಬೆಚ್ಚಗಿದೆಯಲ್ಲೇ’ ಎಂದರು.